ಆಡಿಟರ್ ಹೇಳದೆ ಇಟ್ಟ ಮಾತು

"ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?"

ಯಕ್ಷಿತಾಳ ದನಿಗೆ ಹೋಟೆಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಎದುರಿಗೆ ನಿಂತ ತಿಲಕ್ ತಲೆ ತಗ್ಗಿಸಿದ.

ವಡಾಲದಲ್ಲಿ ಅಪ್ಪ ಮೋನಪ್ಪನವರ ಹೋಟೆಲಿನ ಗಲ್ಲಾದಲ್ಲಿ ಕೂರುವ ಅವಳು ನಾಲ್ಕು ತಿಂಗಳ ಹಿಂದೆ ಮೊದಲ ಸಲ ಷೇರು ಕೊಂಡಿದ್ದಳು. ಫ್ಯಾನ್ ಮಾಡುವ ಕಂಪನಿ. 'ಮಾರಾಟ ದುಪ್ಪಟ್ಟು!' ಎಂದು ಕಂಪನಿಯೇ ಹೇಳಿಕೊಂಡದ್ದನ್ನು ನಂಬಿದ್ದಳು. ಇಂದು ಹೊರಗಿನ ಆಡಿಟರುಗಳ ವರದಿ ಬಂದಿತ್ತು... ಆ ಮಾರಾಟದ ಅರ್ಧಕ್ಕೆ ಪುರಾವೆಯೇ ಇಲ್ಲ! ಷೇರು ಧಪ್ಪನೆ ಬಿತ್ತು.

ವರದಿ ಬರೆದದ್ದು ತಿಲಕನ ಆಫೀಸು. ದಿನಾ ಬೆಳಿಗ್ಗೆ ಇಲ್ಲೇ ಚಹಾ ಕುಡಿದು, ಅವಳನ್ನು ನಗಿಸಿ ಹೋಗುವ ತಿಲಕ್!

"ಗೊತ್ತಿತ್ತು. ಆದರೆ ಹೇಳುವ ಹಾಗಿರಲಿಲ್ಲ, ಯಕ್ಷಿತಾ. ನಿಮಗೊಬ್ಬರಿಗೆ ಹೇಳಿದ್ರೆ ಉಳಿದವರಿಗೆ ಮೋಸ ಮಾಡಿದ ಹಾಗೆ."

"ನಾನೂ ಉಳಿದವರ ಹಾಗೇನಾ?"

ಅವನ ಕಣ್ಣು ತುಂಬಿತು... ಚಹಾ ಕುಡಿಯದೆಯೇ ಹೊರಟುಹೋದ.

ಮೂರು ದಿನ ಅವನ ಸುಳಿವಿಲ್ಲ. ಷೇರಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳಂಥ ಹೊಸಬರೆಲ್ಲ ಆಡಿಟರನ್ನೇ ಬೈಯುತ್ತಿದ್ದರು. ಅವಳೂ ಬೈಯಲು ಹೊರಟಳು. ಬೆರಳು ಓಡಲಿಲ್ಲ.

ಆಗ ದೋಸೆ ಹುಯ್ಯುವ ಚೆನ್ನಯಣ್ಣ ಹತ್ತಿರ ಬಂದ.

"ನಿನ್ನನ್ನು ನೋಡಿ ನಾನೂ ಅದೇ ಷೇರು ತಗೊಳ್ಳುವವನಿದ್ದೆ ಮಾರಾಯ್ತಿ. ಮಗಳ ನರ್ಸಿಂಗ್ ಫೀಸಿಗೆ ಇಟ್ಟದ್ದು! ಆ ವರದಿ ಬರದಿದ್ರೆ ನನ್ನ ಕತೆ ಮುಗೀತಿತ್ತು."

ಯಕ್ಷಿತಾ ಫೋನು ಕೆಳಗಿಟ್ಟಳು. ಅಯ್ಯೋ... ಸುಳ್ಳು ಹೇಳಿದ್ದು ಕಂಪನಿ. ನಾನು ರೇಗಿದ್ದು ನಿಜ ಹೇಳಿದವನ ಮೇಲೆ!

ಅವತ್ತು ಮೊದಲ ಸಲ ವರದಿಯನ್ನು ಪೂರ್ತಿ ಓದಿದಳು. ಅರ್ಥವಾದ ಮೇಲೆ ಷೇರುಗಳನ್ನು ನಷ್ಟಕ್ಕೇ ಮಾರಿದಳು. ಸಂಜೆ ಅವನು ಆಫೀಸಿನಿಂದ ಬಂದಿಳಿಯುವ ಸ್ಟೇಷನ್ನಿಗೆ ಹೋಗಿ ನಿಂತಳು. ಐದನೆಯ ಲೋಕಲ್ ರೈಲಿನಿಂದ ತಿಲಕ್ ಇಳಿದ.

"ಹೋಟೆಲಿಗೆ ಯಾಕೆ ಬರ್ತಿಲ್ಲ?"

"ಯಾವ ಮುಖ ಇಟ್ಕೊಂಡು ಬರ್ಲಿ?"

"ತಪ್ಪು ನನ್ನದು ತಿಲಕ್. ಕ್ಷಮಿಸ್ತೀರಾ?"

ಜನರ ನೂಕಾಟದ ನಡುವೆ ಅವನು ಅವಳನ್ನೇ ನೋಡಿದ.

"ಎರಡು ತಿಂಗಳು ನಿಮ್ಮೆದುರು ಕೂತು ಸುಮ್ಮನಿರುವುದು ಎಷ್ಟು ಕಷ್ಟ ಆಯ್ತು ಗೊತ್ತುಂಟಾ? ಇನ್ನೂ ಒಂದು ಮಾತು ಹೇಳದೆ ಇಟ್ಟಿದ್ದೇನೆ."

"ಅದೂ ಆಫೀಸಿನದ್ದಾ?"

"ಅಲ್ಲ... ನನ್ನದು. ನಿಮ್ಮನ್ನು ತುಂಬಾ ಪ್ರೀತಿಸ್ತೇನೆ, ಯಕ್ಷಿತಾ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಇದನ್ನು ಹೇಳ್ಲಿಕ್ಕೆ ಇಷ್ಟು ದಿನ ಬೇಕಾಯ್ತಾ ಮಾರಾಯ್ರೇ?"

"ಹೆದರಿದ್ದೆ..."

"ನನಗಾ?"

"ನಿಮ್ಮ ಅಪ್ಪನಿಗೆ!"

ಯಕ್ಷಿತಾ ಅವನ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಬನ್ನಿ. ಅಪ್ಪನ ಹತ್ತಿರ ನಾನೇ ಮಾತಾಡ್ತೇನೆ. ನೀವು ಪಕ್ಕದಲ್ಲಿ ನಿಂತ್ರೆ ಸಾಕು."