ಲಕೋಟೆಯೊಳಗಿನ ನೇರಳೆ ಅಕ್ಷರಗಳು

"ಇದನ್ನ ಬರೆದೋರು ನನ್ನ ಶತ್ರುನೋ, ಹಿತೈಷಿನೋ? ಅಷ್ಟು ಹೇಳಿಬಿಡಿ, ಸಾಕು" ಎಂದು ಗ್ಲೆನಿಸ್ ಮೌಂಟ್‌ಫರ್ಡ್ ಚೀಟಿಯೊಂದನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದಳು.

ಕಾವಲಿಯಲ್ಲಿ ದೋಸೆಯಂಥ ಓಟ್‌ಕೇಕ್ ಮಗುಚುತ್ತಿದ್ದ ಕ್ಲಿಫರ್ಡ್ ಟ್ಯಾಮ್ಸ್ ಇಣುಕಿ ನೋಡಿದ. ಮಕ್ಕಳಾಟದ ರಬ್ಬರ್ ಅಚ್ಚುಗಳಿಂದ, ನೇರಳೆ ಶಾಯಿಯಲ್ಲಿ, ಒಂದೊಂದೇ ಅಕ್ಷರ ಒತ್ತಿದ್ದರು: ‘ಇಲ್ಲಿ ಕಣ್ಣುರೆಪ್ಪೆ ಕೊಯ್ಯಿಸಿಕೊಳ್ಳಬೇಡಿ.’

ಸ್ಟೋಕ್ ನಗರದಲ್ಲಿ ಪೊಲೀಸರು ಕಿವಿಗೊಡದ ಒಗಟುಗಳೆಲ್ಲ ಎನಿಡ್ ಬ್ಯಾಗ್ನಲ್‌ಳ ಈ ಅಡುಗೆಮನೆಗೇ ಬರುತ್ತಿದ್ದವು. ಎಪ್ಪತ್ತೆರಡರ ಎನಿಡ್ ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಟ್ಟಲುಗಳಿಗೆ ಹೂ ಬರೆದವಳು. ಪಕ್ಕದ ಮನೆಯ ಕ್ಲಿಫರ್ಡ್ ನಿವೃತ್ತ ಬಸ್ ಚಾಲಕ, ಪ್ರತಿ ಪತ್ತೇದಾರಿಕೆಯಲ್ಲೂ ಅವಳ ಜೊತೆ ಅಲೆದು ಮಂಡಿ ಸವೆಸಿಕೊಂಡವನು. ‘ಇದೇ ಕೊನೆ’ ಎಂದು ಇಬ್ಬರೂ ಪ್ರತಿಸಲ ಹೇಳಿಕೊಳ್ಳುತ್ತಿದ್ದರು.

"ಶಾಲೆ ಅಡುಗೆಮನೇಲಿ ಬಡಿಸ್ತೀನಿ" ಎಂದಳು ಗ್ಲೆನಿಸ್. "ಮಕ್ಕಳೆಲ್ಲ ‘ನಿದ್ದೆ ಮಾಡಿಲ್ವಾ ಮಿಸ್?’ ಅಂತಾವೆ. ಚೆನ್ನಾಗೇ ನಿದ್ದೆ ಮಾಡಿರ್ತೀನಿ. ರೆಪ್ಪೆ ಜೋತುಬಿದ್ದಿದೆ, ಅಷ್ಟೆ. ದಣಿದಿದೀಯಾ, ದಣಿದಿದೀಯಾ ಅಂತ ಕೇಳಿಸ್ಕೊಂಡೇ ದಣಿದುಹೋದೆ. ಮೂರು ಕ್ಲಿನಿಕ್ ನೋಡಿದೆ. ಒಂದ್ಕಡೆ ಉಗುರಿಗೆ ಬಣ್ಣ ಹಚ್ಚೋಳೇ ಸೂಜಿ ಹಿಡ್ಕೊಂಡು ಬಂದ್ಲು. ಇನ್ನೊಂದ್ಕಡೆ ರೆಪ್ಪೆ ಅಂದ್ರೆ ತುಟಿನೂ ಉಬ್ಬಿಸ್ತೀವಿ ಅಂದ್ರು. ನನ್ನ ಮಾತು ಪೂರ್ತಿ ಕೇಳಿದೋರು ಡಾಕ್ಟರ್ ಫ್ಯಾರೋ ಒಬ್ರೇ. ನಾಳೆ ಆಪರೇಷನ್."

"ಅಲ್ಲಿ ಯಾರ್ಯಾರಿದ್ರು ಚಿನ್ನ?" ಎನಿಡ್ ಕೇಳಿದಳು.

"ಬಾಗಿಲ ಹತ್ರದ ಮೇಜಲ್ಲಿ ಡಾಕ್ಟರ ಹೆಂಡ್ತಿ ವೆರಿಟಿ. ನಾಚಿಕೆಯಾಗಿ ಅವರ ಹತ್ರ ಮುಖದ ಸುಕ್ಕಿಗೆ ಅಂತಷ್ಟೇ ಅಂದೆ. ರೆಪ್ಪೆ ಮಾತು ಡಾಕ್ಟರ ಕೋಣೆಯೊಳಗೆ. ನರ್ಸ್ ರಜೆ ಅಂದ್ರು. ಹೊರಡೋವಾಗ ಕೋಣೆಯೊಳಗೇ ಅಂಟಿಸಿದ ಲಕೋಟೆ ಕೊಟ್ರು. ಬ್ಯಾಗಿಗೆ ಹಾಕ್ಕೊಂಡು ಸೀದಾ ಬಸ್ ಹತ್ತಿದೆ. ಹದಿನೈದು ದಿನ ಆಯ್ತು. ನಾಳೆಗೆ ಏನೇನು ಪಥ್ಯ ಅಂತ ನೋಡೋಣ ಅಂತ ಇವತ್ತು ಬೆಳಿಗ್ಗೆ ಬಿಚ್ಚಿದ್ರೆ, ಇದು!"

ಮಧ್ಯಾಹ್ನ ಮೂವರೂ ಕ್ಲಿನಿಕ್ಕಿಗೆ ಹೋದರು. ಚೀಟಿ ನೋಡಿದ್ದೇ ತಡ, ವೆರಿಟಿ ಫ್ಯಾರೋ ಕೆಂಡವಾದಳು.

"ಇದು ರುಖ್ಸಾನಾಳದೇ ಕೆಲಸ! ಬರೋ ತಿಂಗಳು ಸ್ವಂತ ಕ್ಲಿನಿಕ್ ತೆಗೀತಾಳಂತೆ. ನಮ್ಮೋರನ್ನ ಅತ್ತ ಎಳ್ಕೊಳ್ಳೋ ಹುನ್ನಾರ."

ಅಲ್ಲೇ ನಿಂತಿದ್ದ ನರ್ಸ್ ರುಖ್ಸಾನಾ ಜಗಳಕ್ಕಿಳಿಯಲಿಲ್ಲ. "ಒಂಬತ್ತು ವರ್ಷ ದುಡಿದಿದ್ದಕ್ಕೆ ಒಳ್ಳೇ ಹೆಸರು ಕೊಟ್ರಿ ಮೇಡಂ" ಎಂದಷ್ಟೇ ಹೇಳಿ ಗೋಡೆಗೊರಗಿದಳು. ಅವಳೇ ಇರಬೇಕೆಂದು ಕ್ಲಿಫರ್ಡನಿಗೂ ಅನಿಸಿತು.

ಡಾಕ್ಟರ್ ಫ್ಯಾರೋ ಕಿಟಕಿಯ ಬಳಿ ಕೋಟಿನ ಜೇಬುಗಳಲ್ಲಿ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿತ್ತು. "ಡಾಕ್ಟ್ರೇ, ನಿಮ್ಮ ಫೋನ್ ನಂಬರ್ ಬರೆದುಕೊಡ್ತೀರಾ?" ಎಂದು ಎನಿಡ್ ಕಾಗದ ಚಾಚಿದಳು. ಅವರು ಹೆಂಡತಿಗೆ ಕಣ್ಸನ್ನೆ ಮಾಡಿದರು, ಬರೆದುಕೊಟ್ಟವಳು ವೆರಿಟಿ.

"ಎಲ್ಲರೂ ಕೂತ್ಕೊಳ್ಳಿ" ಎಂದಳು ಎನಿಡ್. "ನನಗಂತೂ ನಿಂತು ಹೇಳೋ ತ್ರಾಣ ಇಲ್ಲ."

ಕಾಯುವ ಕೋಣೆಯ ಕುರ್ಚಿಗಳಲ್ಲಿ ಎಲ್ಲರೂ ಕುಳಿತರು.

"ಈ ಚೀಟಿ ಸುಮ್ನೆ ‘ಇಲ್ಲಿ ಬರಬೇಡಿ’ ಅನ್ನಲ್ಲ. ರೆಪ್ಪೆ ಅಂತ ಬಿಡಿಸಿ ಹೇಳುತ್ತೆ. ಅವತ್ತು ರುಖ್ಸಾನಾ ರಜೆ ಮೇಲಿದ್ಲು. ವೆರಿಟಿಗೆ ಅವತ್ತು ಗೊತ್ತಿದ್ದಿದ್ದು ಸುಕ್ಕು ಮಾತ್ರ. ಲಕೋಟೆ ಅಂಟಿಸಿದ್ದು ಕೋಣೆಯೊಳಗೆ, ಆಮೇಲೆ ಅದು ಬ್ಯಾಗು ಬಿಟ್ಟು ಹೊರಗೆ ಬಂದಿಲ್ಲ. ರೆಪ್ಪೆ ವಿಷಯ ಗೊತ್ತಿದ್ದು ಲಕೋಟೆ ಮುಟ್ಟಿದೋರು ಒಬ್ಬರೇ."

ಕ್ಲಿಫರ್ಡ್ ಡಾಕ್ಟರತ್ತ ತಿರುಗಿದ.

"ಹುಚ್ಚಾ ನಿಮಗೆ?" ವೆರಿಟಿ ಕೂಗಿದಳು. "ತಮ್ಮ ಕ್ಲಿನಿಕ್ಕಿಗೆ ತಾವೇ ಕಲ್ಲು ಹಾಕ್ಕೊಳ್ತಾರಾ?"

"ಅಚ್ಚು ಯಾಕೆ ಒತ್ತಿದ್ರು ಹೇಳಿ. ಗುರುತು ಸಿಗಬಾರದು ಅಂತ ಮಾತ್ರ ಅಲ್ಲ. ನಮ್ಮ ಕಾರ್ಖಾನೇಲಿ ಹೂ ಬರೆಯೋಳ ಕೈ ನಡುಗೋಕೆ ಶುರುವಾದ್ರೆ ಕುಂಚ ಕಿತ್ಕೊಂಡು ಅಚ್ಚಿನ ವಿಭಾಗಕ್ಕೆ ಕಳಿಸ್ತಿದ್ರು. ನಡುಗೋ ಕೈ ಗೆರೆ ಎಳೆಯಲ್ಲ, ಆದ್ರೆ ಅಚ್ಚು ಒತ್ತುತ್ತೆ. ಡಾಕ್ಟ್ರು ಚಹಾ ಬಟ್ಟಲು ಎತ್ತಲಿಲ್ಲ, ಪೆನ್ನೂ ಮುಟ್ಟಲಿಲ್ಲ."

ಫ್ಯಾರೋ ಮೆಲ್ಲನೆ ಕೈಗಳನ್ನು ಹೊರತೆಗೆದು ತೊಡೆಯ ಮೇಲಿಟ್ಟರು. ಬಲಗೈ ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು.

"ಮೊಮ್ಮಗನ ಅಚ್ಚುಗಳು" ಎಂದರು. "ಜನವರೀಲಿ ಒಬ್ಬಾಕೆಗೆ ಆಪರೇಷನ್ ಮಾಡಿದೆ. ಆಕೆಯ ಒಂದು ಕಣ್ಣು ಈಗ ಪೂರ್ತಿ ಮುಚ್ಚಲ್ಲ. ನಿಲ್ಲಿಸ್ತೀನಿ ಅಂದೆ. ಇನ್ನೊಂದು ವರ್ಷ ಅಂದೆ ನೀನು, ವೆರಿಟಿ. ಬಾಯಿಬಿಟ್ಟು ಹೇಳೋ ಧೈರ್ಯ ಬರ್ಲಿಲ್ಲ. ಬರೋರೇ ಹೆದರಿ ನಿಂತುಬಿಡಲಿ ಅಂದ್ಕೊಂಡೆ."

"ಚೀಟಿ ನೋಡದೆ ಬಂದಿದ್ರೆ ನಾಳೆ ನನ್ನನ್ನ ಕೊಯ್ತಿದ್ರಾ?" ಗ್ಲೆನಿಸ್ ಕೇಳಿದಳು.

ಡಾಕ್ಟರು ಹೇಳಿದರು: "ಗೊತ್ತಿಲ್ಲ ಕಣಮ್ಮ. ಅದೇ ನನಗೆ ಭಯ."

ವೆರಿಟಿ ಮುಖ ಮುಚ್ಚಿಕೊಂಡಳು. ಅವಳಿಗೂ ಗೊತ್ತಿತ್ತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಎದ್ದು, ರುಖ್ಸಾನಾಳ ಕಡೆ ನೋಡದೆಯೇ "ತಪ್ಪಾಯ್ತು" ಎಂದಳು. ನಾಳೆ ಬರಬೇಕಾಗಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದಳು. ಮೊದಲ ಕರೆ ಮುಗಿಸಿ ಫೋನನ್ನು ರುಖ್ಸಾನಾಳತ್ತ ಸರಿಸಿದಳು. ಉಳಿದ ಕರೆಗಳನ್ನು ರುಖ್ಸಾನಾ ಮಾಡಿದಳು.

ಡಾಕ್ಟರು ಕಾರಿನ ಕೀಲಿಯನ್ನು ಹೆಂಡತಿಯ ಮೇಜಿನ ಮೇಲಿಟ್ಟು ಕೋಟಿನ ಗುಂಡಿ ಹಾಕಲು ಹೆಣಗಿದರು. ಗ್ಲೆನಿಸ್ ಒಂದು ಗಳಿಗೆ ನೋಡಿದಳು. ಆಮೇಲೆ ಹತ್ತಿರ ಹೋಗಿ, ಶಾಲೆಯ ಪುಟ್ಟ ಮಕ್ಕಳಿಗೆ ಹಾಕುವಂತೆಯೇ, ಒಂದೊಂದಾಗಿ ಗುಂಡಿ ಹಾಕಿದಳು.

"ನೀವು ಹೇಗೆ ಹೋಗ್ತೀರಿ?" ಅವರು ಕೇಳಿದರು.

"ಬಸ್ಸಲ್ಲಿ."

"ನಾನೂ ಬರಲಾ? ಯಾವ ಬಸ್ಸು ಅಂತಾನೂ ಗೊತ್ತಿಲ್ಲ ನನಗೆ."

"ಬನ್ನಿ, ನಾನು ಹೇಳ್ತೀನಿ" ಎಂದ ಕ್ಲಿಫರ್ಡ್, ಬಾಗಿಲು ಹಿಡಿದು ನಿಂತ.