ಅರಗಿನ ನಾಲ್ಕನೇ ಕೋಟಿಂಗ್

ಹೆಮ್ಮಿಗೆಯ ಹಳೇ ಮನೆ ಕೆಡವಿದ ದಿನ ದೇವೀರಮ್ಮ ಹಲಸಿನ ತೊಲೆಗೆ ಅಡ್ಡ ಕೂತುಬಿಟ್ಟಳು. ಮೂವತ್ತು ವರ್ಷದಿಂದ ಮಾತಿಲ್ಲದ ಮುದುಕಿ. ಮರ ಕೊಳ್ಳಲು ನಂಜನಗೂಡಿನಿಂದ ಬಂದಿದ್ದ ಮದನನಿಗೆ ತೊಲೆಯ ತುದಿಯಲ್ಲಿ ಅರಗು ತುಂಬಿದ್ದ ತೂತು ತೋರಿಸಿ, ಅವನ ಗಂಟಲು ಮುಟ್ಟಿ, ಬೇಡವೆಂದು ತಲೆಯಾಡಿಸಿದಳು.

“ನಮ್ಮತ್ತಿಗೆ ಅವ್ರತ್ತೆಗೆ ಎದುರು ಮಾತಾಡ್ತಿದ್ರು ಸಾ. ಅದ್ಕೇ ನಮ್ಮವ್ವ ಮಾಟ ಮಾಡ್ಸಿ ಇದ್ರಲ್ಲೇ ಬಾಯಿ ಕಟ್ಟಿಸ್ಬುಟ್ಲು,” ಎಂದ ಅವಳ ಮೈದುನ ನಾಗಯ್ಯ ದನಿ ತಗ್ಗಿಸಿ. “ಅರಗು ಕಿತ್ರೆ ಆ ತೂತು ಖಾಲಿ ಇರಾಕಿಲ್ಲ. ಇನ್ನೊಬ್ರ ದನಿ ಕೇಳ್ತದೆ. ಆ ತುದಿ ಕುಯ್ದು ಇಲ್ಲೇ ಬುಟ್ಟೋಗಿ.”

“ಕೇಳಿದ್ರೆ ಕೊಡೋಣ ಬಿಡ್ರಿ,” ಎಂದು ನಕ್ಕ ಮದನ್. ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ಹಾಡುವವನು. ಆ ಗಂಟಲೇ ಅವನ ಅನ್ನ. ಸ್ವಂತ ಕೈಯಿಂದ ಎಲೆಕ್ಟ್ರಿಕ್ ಗಿಟಾರ್ ಮಾಡುವ ಹುಚ್ಚು ಬೇರೆ.

ತನ್ನ ಶೆಡ್ಡಿನಲ್ಲಿ ಉಳಿ ಹಾಕಿ ಹಳೇ ಅರಗು ಕಿತ್ತ. ಸುಟ್ಟ ಕೂದಲಿನ ನಾತ ಬಂತು. ಒಳಗಿದ್ದ ಕೂದಲ ಗಂಟನ್ನು ಕಪಿಲಾ ಹೊಳೆಗೆ ಎಸೆದು, ಆ ತುದಿಯನ್ನೇ ಗಿಟಾರಿನ ಮೈಗೆ ಕೆತ್ತಿ, ಅದೇ ತೂತನ್ನು ವೈರು, ಸ್ವಿಚ್ಚು ಕೂರುವಷ್ಟು ಅಗಲ ಮಾಡಿ ಗಿಟಾರಿನ ಪೊಟರೆಯಾಗಿಸಿದ. ಹೊಸದಾಗಿ ಕೊರೆದ ಮರ ತೇವ ಹೀರದಂತೆ ಒಳಗೆಲ್ಲ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಹಚ್ಚಬೇಕಿತ್ತು. ಅದಕ್ಕೂ ಮುಂಚೆ ಪೊಟರೆಗೆ ಬಾಯಿಟ್ಟು, “ನಾನು ಮದನ್ ಕಣೆ. ತಗೋ,” ಎಂದು ಗಹಗಹಿಸಿ ನಕ್ಕ. ಆ ನಗು ವಾಪಸ್ ಕೇಳಿಸಲಿಲ್ಲ.

ಮೊದಲ ಕೋಟಿಂಗ್ ಒಣಗುವಷ್ಟರಲ್ಲಿ ಗಂಟಲು ಕಟ್ಟಿತು. ಸ್ಪಿರಿಟ್ಟಿನ ಘಾಟು ಅಂದುಕೊಂಡ. ಎರಡನೆಯದಕ್ಕೆ ದನಿ ಪಿಸುಮಾತಿಗಿಳಿಯಿತು. ಹೆದರಿ ನಿಲ್ಲಿಸುವ ಜಾಯಮಾನ ಅವನದಲ್ಲ. ನೋಡೇಬಿಡೋಣ ಎಂದು ಮೂರನೆಯದನ್ನೂ ಹೊಡೆದ.

ಹೆಂಡತಿ ನಯನ ಊಟಕ್ಕೆ ಕರೆದಳು. ಬಂದೆ ಎನ್ನಲು ಬಾಯಿ ತೆರೆದ. ಉಸಿರು ಬಂತು. ಮಾತು ಬರಲಿಲ್ಲ. ಮತ್ತೆ ಕೂಗಿದ. ತುಟಿ ಆಡಿತು. ನಾಲಿಗೆ ಆಡಿತು. ಸದ್ದಿಲ್ಲ. ಆಗ ಗಿಟಾರಿನೊಳಗಿಂದ ಯಾರೋ ನಕ್ಕರು. ಅದು ಅವನದೇ ನಗು.

ಗಿಟಾರು, ಉಳಿ, ಅರಗಿನ ಬಾಟ್ಲಿ ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಹೆಮ್ಮಿಗೆಗೆ ಓಡಿದ. ಕೊಟ್ಟಿಗೆಯಲ್ಲಿ ಯಾರೋ ಹರೆಯದ ಹೆಣ್ಣು ಎಮ್ಮೆಯನ್ನು ಬಾಯಿತುಂಬ ಬೈಯುತ್ತಿದ್ದಳು. ಇಣುಕಿದರೆ ದೇವೀರಮ್ಮ. ಸುಕ್ಕುಗಟ್ಟಿದ ಬಾಯಿ, ಮೂವತ್ತು ವರ್ಷದ ಹಿಂದಿನ ದನಿ.

ಅವನ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು. “ಅರಗು ಕಿತ್ತು ನಿನ್ ದನಿ ತಕ್ಕೊ ಮಗ. ಆಮೇಲೆ ನಾನು ಅದ್ಕೆ ಬಾಯಿಟ್ಟು ಮಾತಾಡ್ತೀನಿ, ಮುಚ್ಚುಬುಡು. ಮೂರ್ ದಿನ ಮಾತಾಡಿವ್ನಿ, ಸಾಕು.”

ಉಳಿಯನ್ನು ಅರಗಿನ ಮೇಲಿಟ್ಟ. ಒಂದೇ ಏಟು ಸಾಕಿತ್ತು. ಭಾನುವಾರದ ಮದುವೆ, ಮೈಕು, ಚಪ್ಪಾಳೆ, ಎಲ್ಲ ವಾಪಸ್. ದೇವೀರಮ್ಮ ಆಗಲೇ ಸೆರಗು ಸರಿಮಾಡಿಕೊಂಡು ಪೊಟರೆಯತ್ತ ಬಾಗಿದ್ದಳು. ಅದನ್ನು ಕಂಡು ಅವನಿಗೆ ರೇಗಿಹೋಯಿತು. ಸತ್ತ ಆ ಅತ್ತೆ ಎರಡನೇ ಸಲವೂ ಗೆಲ್ಲಬೇಕೇ?

ಉಳಿ ಬಿಸಾಕಿದ. ಬಾಟ್ಲಿಗೆ ಬ್ರಷ್ ಅದ್ದಿ ನಾಲ್ಕನೇ ಕೋಟಿಂಗ್ ಹಚ್ಚಿದ, ಮೂಲೆ ಮೂಲೆಗೂ, ತನ್ನ ದನಿ ಹೊರಬರಲು ಒಂದು ಕೂದಲೆಳೆ ಜಾಗವೂ ಬಿಡದೆ. ಒಳಗಿನ ನಗು ನಿಂತಿತು.

“ಏನ್ ಮಾಡ್ಕೊಂಡ್ಯಲ್ಲೋ ಮುಟ್ಠಾಳ,” ಎಂದು ಅಳುತ್ತಾ ಶುರುಮಾಡಿದ ದೇವೀರಮ್ಮ ಸಂಜೆಯವರೆಗೂ ಅವನನ್ನು ಬೈದಳು. ಮದನ್ ಎಮ್ಮೆಯ ಪಕ್ಕ ಕೂತು ಪೂರ್ತಿ ಕೇಳಿಸಿಕೊಂಡ. ಎದುರು ಮಾತಾಡಲು ಅವನಿಗೆ ದನಿಯಿರಲಿಲ್ಲ.