ಹೆಸರಿನ ಪಕ್ಕದ ನಕ್ಷತ್ರ

ಶನಿವಾರದ ಅಕ್ಕಿ ಗಂಜಿಯ ಮೇಲೆ ಹಾಕಿದ ಬೆಣ್ಣೆ ಇನ್ನೂ ಕರಗಿರಲಿಲ್ಲ. ರಾನ್ವೈಗ್ ಗಂಡನ ತಟ್ಟೆಯ ಪಕ್ಕದಲ್ಲಿ ಒಂದು ಕಾಗದ ಇಟ್ಟು, ನಿಂತುಕೊಂಡೇ ಹೇಳಿದಳು: "ನೀವು ಊಟ ಮಾಡ್ತಾ ಓದಿ, ಮಂತ್ರಿಗಳೇ."

ಐಲರ್ಟನ ಕೈಯ ಚಮಚ ಹಾಗೇ ನಿಂತಿತು. ನಮ್ಮ ದೇಶದಲ್ಲಿ ದೊರೆಯೊಬ್ಬನನ್ನು ಬಿಟ್ಟರೆ ಯಾರಿಗೂ ಬಹುವಚನವಿಲ್ಲ. ಮಂತ್ರಿಯಾಗಲಿ, ಮೀನುಗಾರನಾಗಲಿ, ಹೆಸರು ಹಿಡಿದು 'ನೀನು' ಎಂದೇ ಕರೆಯುತ್ತೇವೆ. ಇಪ್ಪತ್ತೆರಡು ವರ್ಷ ಒಂದೇ ಹೊದಿಕೆಯಡಿ ಮಲಗಿದ ಹೆಂಡತಿ 'ನೀವು' ಎಂದರೆ ಅದು ಗೌರವವಲ್ಲ, ಮುಖದ ಮೇಲೆ ಬಾಗಿಲು ಹಾಕಿದಂತೆ. ಮೇಜಿನ ಆ ತುದಿಯಲ್ಲಿ ಉಲ್ಲನ್ ಕಾಲುಚೀಲ ಹೆಣೆಯುತ್ತಿದ್ದ ಅವನ ತಾಯಿ ಬೊರ್ಗಿಲ್ ತಲೆ ಎತ್ತಲಿಲ್ಲ. ಕಡ್ಡಿಗಳ ಸದ್ದು ಮಾತ್ರ ನಿಂತಿತು.

ಕಾಗದದಲ್ಲಿ ಏನಿದೆಯೆಂದು ಅವನಿಗೆ ಓದಿ ತಿಳಿಯಬೇಕಾಗಿರಲಿಲ್ಲ. ಕೆಳಗಿದ್ದದ್ದು ಅವನದೇ ಸಹಿ. ಮಾರ್ಚ್ ಒಂದರಿಂದ ಕರಾವಳಿಯ ಹನ್ನೊಂದು ಹೆರಿಗೆ ಮನೆಗಳು ಮುಚ್ಚುತ್ತವೆ, ಏಕೆಂದರೆ ಆ ಹನ್ನೊಂದೂ ಊರುಗಳಿಂದ ತೊಂಬತ್ತು ನಿಮಿಷದೊಳಗೆ ದೊಡ್ಡ ಆಸ್ಪತ್ರೆ ತಲುಪಬಹುದು. ಒಂಬತ್ತನೆಯ ಹೆಸರು ಗ್ರೋಹೋಲ್ಮ್. ಈ ದ್ವೀಪ, ಅವನ ಊರು. ಅವನ ಹೆಂಡತಿ ಸೂಲಗಿತ್ತಿಯಾಗಿ ದುಡಿಯುತ್ತಿದ್ದ, ಎರಡು ಹಾಸಿಗೆಯ, ನೀಲಿ ಬಾಗಿಲಿನ ಮನೆ.

ಆ ನೀಲಿ ಬಾಗಿಲಿನ ಕಥೆಯನ್ನು ಹೇಳಲೇಬೇಕು. ಐಲರ್ಟ್ ಹದಿನೆಂಟು ವರ್ಷ ಈ ದ್ವೀಪದ ಒಬ್ಬನೇ ಡಾಕ್ಟರ್. ಮೊಣಕಾಲುದ್ದದ ಹಿಮದಲ್ಲಿ ಬ್ಯಾಗ್ ತಲೆಯ ಮೇಲಿಟ್ಟುಕೊಂಡು ಹೋದವನು. ಹಿಂದಿನ ಸರ್ಕಾರ ಹೆರಿಗೆ ಮನೆ ಮುಚ್ಚುತ್ತೇನೆಂದಾಗ ನಾನೂರು ಜನ ಪಂಜು ಹಿಡಿದು ಹಡಗುಕಟ್ಟೆಗೆ ನಡೆದರು. ಇವನು ಮೀನಿನ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ತಾನು ಬದುಕಿರುವ ತನಕ ಆ ಬಾಗಿಲು ಮುಚ್ಚಲು ಬಿಡುವುದಿಲ್ಲ ಎಂದ. ಹೆಂಗಸರು ಅತ್ತರು. ಪತ್ರಿಕೆಗಳು ಬರೆದವು. ಪಕ್ಷದವರು ಹುಡುಕಿಕೊಂಡು ಬಂದರು. ಪಂಜಿನ ಎಣ್ಣೆಯ ವಾಸನೆ ಅವನ ಕೋಟಿನಿಂದ ಹೋಗುವ ಮೊದಲೇ ಅವನು ಓಸ್ಲೋದಲ್ಲಿ ಶಾಸಕ, ಮತ್ತೆರಡು ವರ್ಷಕ್ಕೆ ಆರೋಗ್ಯ ಮಂತ್ರಿ. ರೋಗಿಯ ನಾಡಿ ಹಿಡಿದ ಕೈ ಈಗ ನಾಡನ್ನೇ ಹಿಡಿದಿದೆ ಎಂದು ಊರಿನವರು ಕೇಕ್ ಮಾಡಿ ಹಂಚಿದರು. ಅದೇ ಕೈ ಈ ಸಹಿ ಹಾಕಿತು!

ಅವನು ತನ್ನ ಕಡೆಯ ಮಾತನ್ನೆಲ್ಲ ಹೇಳಿದ. ಸಣ್ಣ ಹೆರಿಗೆ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯ ವೈದ್ಯರಿಲ್ಲ, ರಕ್ತವಿಲ್ಲ. ಉಸಿರಾಡದ ಮಗುವನ್ನು ಹಿಡಿದು ತನ್ನ ಕೈ ನಡುಗಿದ್ದು ಅವಳಿಗೆ ನೆನಪಿಲ್ಲವೇ ಎಂದು ಕೇಳಿದ. ಅದು ಸುಳ್ಳಲ್ಲ. ಆ ಮಾತಿಗೆ ರಾನ್ವೈಗ್ ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಡಗಿನ ವೇಳಾಪಟ್ಟಿಯನ್ನು ತೆಗೆದು ಅವನ ಗಂಜಿಯ ಪಕ್ಕದಲ್ಲಿ ಹರಡಿದಳು.

"ಇಲ್ಲಿಂದ ಪಟ್ಟಣಕ್ಕೆ ಎಂಬತ್ತೈದು ನಿಮಿಷ ಅಂತ ಬರೆದಿದ್ದೀರಿ. ಎಲ್ಲಿಂದ ಎಣಿಸಿದಿರಿ?"

"ಹಡಗು ಕಟ್ಟೆ ಬಿಟ್ಟಾಗಿನಿಂದ."

"ನಮ್ಮ ಊರಿನ ಹೆಸರಿನ ಪಕ್ಕ ಒಂದು ನಕ್ಷತ್ರ ಇದೆಯಲ್ಲ. ಅದೇನು, ಕ್ರಿಸ್‌ಮಸ್ ಅಲಂಕಾರವಾ?"

ಈ ಕರಾವಳಿಯಲ್ಲಿ ಓದಲು ಬಾರದ ಮಗುವಿಗೂ ಆ ನಕ್ಷತ್ರದ ಅರ್ಥ ಗೊತ್ತು. ಹಡಗು ಅಲ್ಲಿ ತಾನಾಗಿ ನಿಲ್ಲುವುದಿಲ್ಲ. ಎರಡು ಗಂಟೆ ಮೊದಲೇ ಫೋನ್ ಮಾಡಿ ಹೇಳಿದರೆ ನಿಲ್ಲುತ್ತದೆ, ಇಲ್ಲದಿದ್ದರೆ ನೆಟ್ಟಗೆ ಮುಂದೆ ಹೋಗುತ್ತದೆ. ಫೋನ್ ಬರುವ ಮೊದಲು ಕಟ್ಟೆಯ ತುದಿಯಲ್ಲಿ ದೀಪ ಎತ್ತಿ ಹಿಡಿಯುತ್ತಿದ್ದರು.

"ಓಸ್ಲೋದ ಗುಮಾಸ್ತರಿಗೆ ಗೊತ್ತಿಲ್ಲ, ಒಪ್ಪಿದೆ," ಎಂದಳು ರಾನ್ವೈಗ್. "ನೀವು ಇಲ್ಲೇ ಹುಟ್ಟಿದವರು. ಸಹಿ ಹಾಕುವಾಗ ಈ ನಕ್ಷತ್ರ ನೋಡಲಿಲ್ಲವಾ?"

ನೋಡಲಿಲ್ಲ ಎಂದಿದ್ದರೆ ಅವಳು ಕ್ಷಮಿಸಿಬಿಡುತ್ತಿದ್ದಳೋ ಏನೋ... ಆದರೆ ಐಲರ್ಟ್ ಸುಳ್ಳು ಹೇಳುವಷ್ಟು ಕೆಟ್ಟವನೂ ಆಗಿರಲಿಲ್ಲ.

"ನೋಡಿದೆ," ಎಂದ.

ನೋಡಿದ್ದ. ಒಂದು ನಕ್ಷತ್ರ ಎಣಿಸಿದರೆ ಉಳಿದ ಊರುಗಳ ನಕ್ಷತ್ರಗಳನ್ನೂ ಎಣಿಸಬೇಕು, ಪಟ್ಟಿಯೇ ಬಿದ್ದುಹೋಗುತ್ತದೆ, ಪಟ್ಟಿ ಬಿದ್ದರೆ ತಾನೂ ಬೀಳುತ್ತೇನೆ ಎಂದು ಪೆನ್ನಿನ ಮುಚ್ಚಳ ತೆಗೆದಿದ್ದ. ವಿದ್ಯೆ ಇಲ್ಲದವನ ತಪ್ಪಾದರೆ ತಿದ್ದಬಹುದು. ಗೊತ್ತಿದ್ದೂ ಕಣ್ಣು ಮುಚ್ಚಿದ ಡಾಕ್ಟರನನ್ನು ಏನೆಂದು ಕರೆಯಬೇಕು?

ಆಗ ಬೊರ್ಗಿಲ್ ಹೆಣಿಗೆಯನ್ನು ಮಡಿಲಲ್ಲಿಟ್ಟಳು. ಎಪ್ಪತ್ತೊಂಬತ್ತು ವರ್ಷದ ಆ ಮುದುಕಿ ಈಗ ಹೇಳಿದ ಮಾತನ್ನು ಮಗನೆದುರು ಹಿಂದೆಂದೂ ಬಾಯಿಬಿಟ್ಟು ಆಡಿರಲಿಲ್ಲ.

"ನಿನಗಿಂತ ಮುಂಚೆ ಒಂದು ಹೆಣ್ಣು ಮಗು, ಐಲರ್ಟ್. ನಿಮ್ಮಪ್ಪ ಕಟ್ಟೆಯ ತುದೀಲಿ ದೀಪ ಹಿಡ್ಕೊಂಡು ನಿಂತಿದ್ದ. ನಾನು ಹಿಂದೆ ಬಲೆ ರಾಶಿಯ ಮೇಲೆ ಬಿದ್ದಿದ್ದೆ. ಹಿಮ ಬೀಳ್ತಿತ್ತು. ಹಡಗಿನವರಿಗೆ ದೀಪ ಕಾಣಲಿಲ್ಲ. ಅದು ಹೋದ ಸದ್ದು ನನಗೆ ಕೇಳಿಸ್ತು... ಮಗುವಿನ ಸದ್ದು ಕೇಳಿಸ್ಲೇ ಇಲ್ಲ." ಅವಳು ಮತ್ತೆ ಕಡ್ಡಿ ಕೈಗೆತ್ತಿಕೊಂಡಳು. "ನೀನು ಡಾಕ್ಟರ್ ಆಗ್ತೀನಿ ಅಂದಾಗ, ಆ ದೀಪ ಕೊನೆಗೂ ಯಾರಿಗೋ ಕಾಣಿಸ್ತು ಅಂದುಕೊಂಡೆ. ಕಾಫಿ ಬೇಕಾ?"

ಅವನಿಗೆ ಕಾಫಿ ಬೇಡವಾಗಿತ್ತು. ಗಂಜಿಯನ್ನೂ ಮುಟ್ಟದೆ ಅಂದೇ ಮಧ್ಯಾಹ್ನದ ಹಡಗು ಹತ್ತಿದ. ಅವನ ಕಚೇರಿಯವರು ಮೊದಲೇ ಫೋನ್ ಮಾಡಿದ್ದರಿಂದ ಹಡಗು ಅವನಿಗಾಗಿ ಬಂದು ನಿಂತಿತು. ಮೂರು ವರ್ಷದಿಂದ ಪ್ರತಿ ಸಲವೂ ಹಾಗೇ ನಿಲ್ಲುತ್ತಿತ್ತು.

ಬುಧವಾರ ಸಂಸತ್ತಿನ ಪ್ರಶ್ನೋತ್ತರದ ವೇಳೆಯಲ್ಲಿ ವಿರೋಧ ಪಕ್ಷದ ಹೆಂಗಸೊಬ್ಬಳು ಎದ್ದು, ತೊಂಬತ್ತು ನಿಮಿಷದ ಲೆಕ್ಕ ಸರಿಯಿದೆಯೇ ಎಂದು ಕೇಳಿದಳು. ಸರಿಯಿದೆ ಎಂಬ ಉತ್ತರವನ್ನು ಅಧಿಕಾರಿಗಳು ಅಂದವಾಗಿ ಬರೆದುಕೊಟ್ಟಿದ್ದರು. ಐಲರ್ಟ್ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ.

"ಲೆಕ್ಕ ಸುಳ್ಳು," ಎಂದ. "ಹನ್ನೊಂದರಲ್ಲಿ ಏಳು ಊರುಗಳಲ್ಲಿ ಹಡಗು ಕರೆಯದೆ ನಿಲ್ಲುವುದಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ."

ಸಂಜೆಯೊಳಗೆ ಅವನ ರಾಜೀನಾಮೆ ಪಡೆದರು. ಹದಿನೆಂಟು ವರ್ಷದ ಡಾಕ್ಟರಿಕೆಯನ್ನೂ ಮೂರು ವರ್ಷದ ಅಧಿಕಾರವನ್ನೂ ಅವನು ಒಂದೇ ಮಾತಿಗೆ ಪಣವಿಟ್ಟ. ಅದರಿಂದ ಬಾಗಿಲು ಉಳಿಯಿತೇ? ಇಲ್ಲ. ಅವನ ಜಾಗಕ್ಕೆ ಬಂದವನು ಹೆರುವ ಹೆಂಗಸಿನ ಹೊಟ್ಟೆಯ ಮೇಲೆ ಒಂದು ದಿನವೂ ಕೈಯಿಡದ ಅರ್ಥಶಾಸ್ತ್ರಜ್ಞ. ತಪ್ಪಾಗಿದೆ, ತಿದ್ದುತ್ತೇವೆ ಎಂದ. ತಿದ್ದಿದ. ಏಳು ನಕ್ಷತ್ರಗಳನ್ನು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿ, ಹನ್ನೊಂದೂ ಬಾಗಿಲುಗಳನ್ನು ಹೇಳಿದ ದಿನವೇ ಮುಚ್ಚಿಸಿದ! ರಾನ್ವೈಗ್ ನೀಲಿ ಬಾಗಿಲಿನ ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಕಳಿಸಿದಳು. ಯಾರಿಗೂ ಒಂದು ಮಾತು ಬರೆಯಲಿಲ್ಲ.

ಐಲರ್ಟ್ ನಾಚಿಕೆಯಿಂದ ಮೂರು ವಾರ ಓಸ್ಲೋದಲ್ಲೇ ಕುಳಿತ. ಹೆಂಡತಿಯ ಫೋನ್ ಬರಲಿಲ್ಲ, ಮಾಡಲು ಇವನಿಗೆ ಬಾಯಿ ಇರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ವಿಮಾನ ಇಳಿದು, ಗ್ರೋಹೋಲ್ಮ್ ದಾಟಿ ಆಸ್ಪತ್ರೆಯ ಪಟ್ಟಣಕ್ಕೆ ಹೋಗುವ ಹಡಗು ಹತ್ತಿದ. ಕೈಯಲ್ಲಿ ಪುಸ್ತಕದ ಎರಡು ಪೆಟ್ಟಿಗೆ ಮತ್ತು ಹಳೆಯ ಡಾಕ್ಟರ್ ಬ್ಯಾಗ್. ಹೊರಗೆ ಹಿಮ ದಟ್ಟವಾಗಿ ಸುರಿಯುತ್ತಿತ್ತು. ಗ್ರೋಹೋಲ್ಮ್‌ನಲ್ಲಿ ತಾನು ಇಳಿಯುವವನಿದ್ದೇನೆ ಎಂದು ಹಡಗಿನ ಕಪ್ತಾನ ಟೋರ್ಗೈರನಿಗೆ ಹೇಳಿದ.

"ಈಗ ನಿನ್ನ ಪರವಾಗಿ ಫೋನ್ ಮಾಡೋರು ಯಾರೂ ಇಲ್ಲ, ಅಲ್ವಾ?" ಎಂದು ಟೋರ್ಗೈರ್ ಹಲ್ಲು ಕಿರಿದ. "ಚಿಂತೆ ಬಿಡು. ನಿನ್ನ ಹೆಂಡತಿ ಬೆಳಿಗ್ಗೇನೇ ಮಾಡಿದ್ದಾಳೆ."

ಐಲರ್ಟನ ಎದೆ ತುಂಬಿ ಬಂತು. ತಾನು ಬರುವುದನ್ನು ಹೇಗೋ ತಿಳಿದುಕೊಂಡಿದ್ದಾಳೆ... ತನಗಾಗಿ ಹಡಗು ನಿಲ್ಲಿಸಿದ್ದಾಳೆ...

ಕಟ್ಟೆ ಹತ್ತಿರವಾಯಿತು. ಬೆಳಗಿನ ಹತ್ತು ಗಂಟೆಗೂ ಏನೂ ಕಾಣದ ಆ ಬಿಳುಪಿನಲ್ಲಿ ಒಂದು ಹಳದಿ ಬೆಳಕು ಅಲ್ಲಾಡುತ್ತಿತ್ತು. ಕಟ್ಟೆಯ ತುದಿಯಲ್ಲಿ ಬೊರ್ಗಿಲ್ ಗಂಡನ ಹಳೆಯ ದೀಪವನ್ನು ಎರಡೂ ಕೈಯಿಂದ ಎತ್ತಿ ಹಿಡಿದು ನಿಂತಿದ್ದಳು. ಫೋನನ್ನು ಅವಳು ನಂಬಿರಲಿಲ್ಲ. ಅವಳ ಹಿಂದೆ ರಾನ್ವೈಗ್, ಅವಳ ತೋಳಿಗೆ ಜೋತುಬಿದ್ದು, ಬಾಗಿ ನರಳುತ್ತಿದ್ದ ಮೇಷ್ಟರ ಹೆಂಡತಿ ಯೋರುನ್. ಫೋನ್ ಮಾಡಿದ್ದು ಯೋರುನ್‌ಗಾಗಿ. ಹಿಮಕ್ಕೆ ಆಸ್ಪತ್ರೆಯ ಹೆಲಿಕಾಪ್ಟರ್ ಹಾರಿರಲಿಲ್ಲ.

ಐಲರ್ಟ್ ಪೆಟ್ಟಿಗೆಗಳನ್ನು ಹಿಡಿದು ಕಟ್ಟೆಯ ಮೇಲೆ ಕಂಬದಂತೆ ನಿಂತ.

"ಫೋನ್ ಮಾಡಿ ಎರಡು ಗಂಟೆ ಹತ್ತು ನಿಮಿಷ ಆಯ್ತು," ಎಂದಳು ರಾನ್ವೈಗ್. ಅವಳ ರೆಪ್ಪೆಯ ಮೇಲೆ ಹಿಮ ಕೂತಿತ್ತು. "ಏನು ನೋಡ್ತಾ ನಿಂತಿದ್ದೀಯ? ನೀನು ಆ ಕಡೆ ತೋಳು ಹಿಡ್ಕೋ."

ನೀನು ಎಂದಿದ್ದಳು. ಅವನು ಪೆಟ್ಟಿಗೆಗಳನ್ನು ತಾಯಿಯ ಕಾಲ ಬಳಿ ಹಿಮದಲ್ಲೇ ಬಿಟ್ಟು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಂದ ಹಡಗನ್ನೇ ಮತ್ತೆ ಹತ್ತಿದ.

ಪಟ್ಟಣ ಇನ್ನೂ ಅರ್ಧ ಗಂಟೆ ದೂರವಿರುವಾಗ, ಪ್ರಯಾಣಿಕರ ಬೆಂಚಿನ ಮೇಲೆ ಯೋರುನ್ ಹೆತ್ತಳು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ಐಲರ್ಟ್ ಅದನ್ನು ಬಿಡಿಸಿದ, ಮಗುವಿನ ಮೂಗಿಗೆ ಬಾಯಿಯಿಟ್ಟು ಲೋಳೆ ಎಳೆದ, ಬೆನ್ನು ಉಜ್ಜಿದ. ಅವನ ಕೈ ನಡುಗುತ್ತಿತ್ತು. ರಾನ್ವೈಗ್ ಆ ಕೈಯ ಕೆಳಗೆ ತನ್ನ ಕೈಯನ್ನಿಟ್ಟಳು. ಹೆಣ್ಣು ಮಗು ಅತ್ತಿತು.

ಆಮೇಲೆ ರಾನ್ವೈಗ್ ಜನನದ ಕಾಗದ ತೆಗೆದು ಗಂಟೆ ಬರೆದಳು, ತೂಕದ ಜಾಗ ಖಾಲಿ ಬಿಟ್ಟಳು. 'ಹುಟ್ಟಿದ ಸ್ಥಳ' ಎಂಬಲ್ಲಿಗೆ ಬಂದು ಪೆನ್ನನ್ನು ಗಂಡನ ಕಡೆ ಚಾಚಿದಳು.

"ಇದನ್ನು ನೀನೇ ಬರಿ."

ಅವನು ಪೆನ್ನು ತೆಗೆದುಕೊಂಡ. 'ದಾರಿಯಲ್ಲಿ' ಎಂದು ಬರೆದು, ಕೆಳಗೆ ಅದೇ ಸಹಿ ಹಾಕಿದ.